ಹಿಡಿಕೆಗೆ ಕಟ್ಟಿದ ಖಣ

ಕ್ಯಾಂಪಿನಿಂದ
೧೫ ಸೆಪ್ಟೆಂಬರ್ ೧೯೯೧, ರವಿವಾರ

ತಂಗಿ ಭಾಗೂ,

ನಿನಗೂ ಕೂಸಿಗೂ ಈ ಅಣ್ಣನ ಆಶೀರ್ವಾದ. ನಾನು ಕ್ಷೇಮ ಅಂತ ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ಉಣ್ಣುತ್ತೇನೆ, ಮಲಗುತ್ತೇನೆ, ಗಾಡಿ ರಿಪೇರಿ ಮಾಡುತ್ತೇನೆ. ಅಷ್ಟಕ್ಕೇ ಕ್ಷೇಮ ಅನ್ನುವುದಾದರೆ ಕ್ಷೇಮವೇ.

ನಿನ್ನ ಪತ್ರ ಮೇ ತಿಂಗಳಲ್ಲೇ ಬಂತು. ತಡವಾದದ್ದಕ್ಕೆ ಕೆಲಸದ ನೆಪ ಹೇಳುವುದಿಲ್ಲ. ನಾಲ್ಕು ಇನ್‌ಲ್ಯಾಂಡ್ ಪತ್ರ ತೆರೆದು ಕೂತೆ, ನಾಲ್ಕನ್ನೂ ಹರಿದು ಹಾಕಿದೆ. ನಿನ್ನ ಮದುವೆಯಾದ ಆರು ವರ್ಷದಿಂದ ಪ್ರತಿ ಪತ್ರದ ತಲೆಗೆ "ಚಿ. ಸೌ. ಭಾಗಮ್ಮ" ಅಂತ ಬರೆದು ರೂಢಿಯಾದ ಕೈ ಇದು. ನಾನು ಬೇಡವೆಂದರೂ ಅದು ಹಾಗೇ ಬರೆಯಿತು. ಬರೆದ ಮೇಲೆ ಆ "ಸೌ." ನೋಡಿಕೊಂಡು ಮುಂದೆ ಹೇಗೆ ಬರೆಯಲಿ ಹೇಳು. ಇವತ್ತು ಸುಮ್ಮನೆ ತಂಗಿ ಅಂತ ಶುರು ಮಾಡಿದ್ದೇನೆ.

ಇದನ್ನು ಕೆಳಗಿನ ಕ್ಯಾಂಪಿನಲ್ಲಿರುವ ಆಳಂದದ ದೌಲತರಾಯನ ಕೈಯಲ್ಲಿ ಕಳಿಸುತ್ತಿದ್ದೇನೆ. ಫೆಬ್ರವರಿಯಲ್ಲಿ ನಿನ್ನ ಗುರಣ್ಣನ ಶವದ ಪೆಟ್ಟಿಗೆಯ ಜೊತೆ ನಿಮ್ಮ ಅತನೂರಿಗೆ ಬಂದವನೂ ಅವನೇ. ನಾನು ಯಾಕೆ ಬರಲಿಲ್ಲ ಅಂತ ಊರೆಲ್ಲ ಕೇಳಿತಂತೆ. ಹೆಂಡತಿಯ ಅಣ್ಣ, ಒಂದೇ ಕ್ಯಾಂಪಿನಲ್ಲಿದ್ದವನು, ಮಣ್ಣಿಗೂ ಬರಲಿಲ್ಲ ಅಂದರೆ ಕೇಳದೆ ಏನು? ವಿಚಾರಣೆಗೆ ನಾನು ಬೇಕಾಗಿದ್ದೆ, ಬಿಡಲಿಲ್ಲ. ಬಿಟ್ಟಿದ್ದರೂ ಬರುತ್ತಿರಲಿಲ್ಲ, ಭಾಗೂ. ನಿನ್ನ ಮುಖ ನೋಡುವ ಧೈರ್ಯ ಇರಲಿಲ್ಲ.

ನೀನು ಎರಡೇ ಎರಡು ಮಾತು ಕೇಳಿದ್ದೀ. "ಅವರ ಕೋಟಿನ ಜೇಬಿನಾಗ ಕೆಂಪು ಖಣದ ಚೂರು ಸಿಕ್ತು, ನಾಕು ಮಡಿಕಿ ಮಾಡಿ ಇಟ್ಟಿದ್ರು. ಅದು ಏನದ ಅಣ್ಣಾ? ಮತ್ತ ಅವರು ಕೊನಿಗೆ ಏನಂದ್ರು?" ಅಂತ. ಅತ್ತೆ ನಿಂಬೆವ್ವ ದಿನಾ ಬಾಗಿಲಲ್ಲಿ ಕೂತು "ನನ್ನ ಮಗ ಹುಂಬ, ಗಾಡಿ ಹುಚ್ಚು ಹುಚ್ಚು ಹೊಡದಾ, ತಾನ ಸತ್ತ, ಕೂಸಿನ ಮಾರಿ ಸೈತ ನೆನಸಲಿಲ್ಲ" ಅಂತ ಅಳುತ್ತಾಳೆ ಅಂತಲೂ ಬರೆದಿದ್ದೀ. ಅಪಘಾತ ಚಾಲಕನ ಅಜಾಗರೂಕತೆಯಿಂದ ಅಂತ ವಿಚಾರಣೆಯ ಕಾಗದದಲ್ಲಿ ಇದೆ, ಅದನ್ನು ಯಾರೋ ಓದಿ ಹೇಳಿರಬೇಕು. ಆ ಕಾಗದ ಸುಳ್ಳು. ಸುಳ್ಳಾದದ್ದು ನನ್ನಿಂದ. ಅದನ್ನು ಹೇಳಲಿಕ್ಕೇ ಈ ಪತ್ರ.

ಮೊದಲು ಖಣದ ವಿಷಯ. ಅದಕ್ಕೆ ಜೇವರ್ಗಿಯಿಂದ ಶುರು ಮಾಡಬೇಕು. ನಾನು ನಮ್ಮೂರು ಕಿಣ್ಣಿ ಸುಲ್ತಾನ ಬಿಟ್ಟು ಚಮನಸಾಬ ಉಸ್ತಾದರ ಗ್ಯಾರೇಜಿಗೆ ಸೇರಿದ್ದು ನಿನಗೆ ನೆನಪಿರಬೇಕು, ಹಬ್ಬಕ್ಕೆ ಬಂದಾಗ ನನ್ನ ಅಂಗಿಯ ಗ್ರೀಸಿಗೆ ಅವ್ವ ಎಷ್ಟು ಬೈಯುತ್ತಿದ್ದಳು. ಮಳೆಗಾಲದಲ್ಲಿ ರೈತರು ಟ್ರ್ಯಾಕ್ಟರು ತರುತ್ತಿದ್ದರು. ತೊಗರಿ ಸಾಲಿನ ನಡುವೆ ಹಾಯಬೇಕು, ಮುಂದಿನ ಗಾಲಿ ಒಳಗೆ ಎಳೆದು ಕೊಡಿ ಅಂತ. ಬೋಲ್ಟು ಬಿಚ್ಚಿ, ಆಚೆ ಈಚೆ ಒಂದೊಂದು ತೂತು ಒಳಕ್ಕೆ ಸರಿಸಿ, ಮತ್ತೆ ಬಿಗಿಯುವುದು. ಅರ್ಧ ದಿನದ ಕೆಲಸ. ಆದರೆ ಅದಾದ ಮೇಲೆ ಉಸ್ತಾದರು ಸ್ಟಿಯರಿಂಗಿಗೆ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದರು. ಅದನ್ನು ಕಟ್ಟಿದ ಗಾಡಿಯನ್ನು ಯಾರೂ ಹೊರಗೆ ಒಯ್ಯುವ ಹಾಗಿಲ್ಲ. ಡ್ರೈವರ್ ಬರಬೇಕು, ಉಸ್ತಾದರು ಅವನ ಪಕ್ಕ ಕೂತು ಬಯಲಲ್ಲಿ ಎರಡು ಸುತ್ತು ಹೊಡೆಸಬೇಕು, ಮೂತಿ ಸಣ್ಣದಾಗಿದೆ, ತಿರುವಿನಲ್ಲಿ ನಿಧಾನ ಅಂತ ಬಾಯಿಬಿಟ್ಟು ಹೇಳಬೇಕು. ಆಮೇಲೆಯೇ ಚಿಂದಿ ಬಿಚ್ಚುವುದು.

ಒಮ್ಮೆ ಇದೆಲ್ಲ ಯಾಕೆ ಅಂತ ಕೇಳಿದ್ದೆ. "ಲೇ ಮಲ್ಕ್ಯಾ, ಗಾಡಿ ನೀ ಬದಲಿ ಮಾಡೀದಿ. ಅವನ ಕೈ ಯಾರು ಬದಲಿ ಮಾಡಬೇಕು? ಅವನ ಕೈಗೆ ಹಳೀ ಗಾಡೀನೇ ನೆನಪಿರ್ತದ," ಅಂದಿದ್ದರು. ಹದಿನೆಂಟು ವರ್ಷ ಆ ಮಾತು ಮರೆತಿರಲಿಲ್ಲ. ಬೇಕಾದ ದಿನವೂ ಮರೆತಿರಲಿಲ್ಲ, ಅದೇ ನನ್ನನ್ನು ಸುಡುವುದು.

ಇನ್ನು ಗುರಣ್ಣನ ಗಾಡಿ. ನೀನು ನೋಡಿಲ್ಲ, ಸ್ನೋ ಸ್ಕೂಟರ್ ಅನ್ನುತ್ತಾರೆ. ಗಾಲಿ ಇಲ್ಲ. ಹಿಂದೆ ರಬ್ಬರಿನ ಅಗಲವಾದ ಪಟ್ಟಿ ತಿರುಗುತ್ತದೆ, ಮುಂದೆ ಮಂಜಿನ ಮೇಲೆ ಜಾರುವ ಎರಡು ಉದ್ದ ಹಲಗೆ. ಹಿಡಿಕೆ ಹೊರಳಿಸಿದ ಕಡೆ ಹಲಗೆ ಹೊರಳುತ್ತವೆ. ಮೇಲಿನ ಠಾಣೆಯ ಸೈನಿಕರಿಗೆ ಸೀಮೆಎಣ್ಣೆ, ಹಿಟ್ಟು, ಪತ್ರ ಎಲ್ಲ ಇದರ ಮೇಲೇ ಹೋಗಬೇಕು. ಜಾಗದ ಹೆಸರು ಬರೆಯುವ ಹಾಗಿಲ್ಲ. ನಮ್ಮ ಕಡೆ ಸೆಖೆಗೆ ಬೈಯುತ್ತೀರಲ್ಲ, ಇಲ್ಲಿ ಒಂದು ದಿನ ಇದ್ದರೆ ವೈಶಾಖದ ಬಿಸಿಲಿಗೆ ಕೈಮುಗಿಯುತ್ತೀರಿ.

ಠಾಣೆಯ ದಾರಿಯಲ್ಲಿ ಒಂದು ಗುಡ್ಡದ ಓರೆ ಇದೆ, ಅದನ್ನು ಅಡ್ಡ ದಾಟಬೇಕು. ಮುಂದಿನ ಹಲಗೆಗಳ ನಡುವಿನ ಅಂತರ ಅಗಲ ಇದ್ದರೆ ಗಾಡಿ ಅಲ್ಲಿ ವಾಲುವುದಿಲ್ಲ, ಕೆಳಕ್ಕೆ ಜಾರುತ್ತದೆ. ಅದಕ್ಕೆ ಜನವರಿಯಲ್ಲಿ ಹಲಗೆ ಹಿಡಿಯುವ ಗಿಡ್ಡನೆಯ ತೋಳುಗಳು ಬಂದವು, ಹಳೆಯದನ್ನು ತೆಗೆದು ಅವನ್ನು ಕೂಡಿಸಿ ಮೂತಿ ಒಂದು ಗೇಣು ಕಿರಿದು ಮಾಡು ಅಂತ ನನಗೆ ಹುಕುಂ ಆಯಿತು. ಹುಕುಂ ಸರಿಯಾದದ್ದೇ. ಮೂತಿ ಕಿರಿದಾದರೆ ಸವಾರ ಗುಡ್ಡದ ಕಡೆ ಮೈ ಹಾಕಿದಾಗ ಗಾಡಿಯೂ ವಾಲಿ ಓರೆಯನ್ನು ಹಿಡಿದುಕೊಳ್ಳುತ್ತದೆ. ಆದರೆ ಸಪಾಟು ನೆಲದ ಗಟ್ಟಿ ಹಿಮದಲ್ಲಿ ವೇಗವಾಗಿ ತಿರುಗಿಸಿದರೆ ಮೊದಲಿನ ಹಾಗೆ ಜಾರುವುದಿಲ್ಲ, ಮಗುಚುತ್ತದೆ. ಇಷ್ಟೇ ಹೇಳಬೇಕಾಗಿದ್ದದ್ದು. ಎರಡು ಮಾತು.

ಯಾಕೆ ಹೇಳಲಿಲ್ಲ ಅಂತ ಕೇಳು. ನಾವು ಒಂಬತ್ತು ದಿನದಿಂದ ಮಾತು ಬಿಟ್ಟಿದ್ದೆವು.

ಜಗಳ ನಿನ್ನ ಕುಬಸದ್ದು. ನಿನಗೆ ಏಳು ತಿಂಗಳು ತುಂಬುತ್ತಿತ್ತು, ಬಸುರಿಗೆ ಸೀರೆ ಉಡಿಸಿ ಉಡಿ ತುಂಬಬೇಕು, ರಜೆ ಒಬ್ಬರಿಗೇ ಇತ್ತು. ನಾನಂದೆ, "ಅವ್ವ ಇಲ್ಲದ ಮನಿ. ಕುಬಸ ತವರಿನಿಂದನೇ ಬರಬೇಕು. ಅಣ್ಣ ಜೀವಂತ ಇದ್ದು ಯಾರ ಕೈಲೆ ಕಳಸಲಿ?" ಅವನಂದ, "ಚೊಚ್ಚಲ ಕೂಸು ನಂದು. ಸೀರಿ ನಾ ಒಯ್ದು ಕೊಡ್ತೇನಿ, ನೀನೇ ಕೊಟ್ಟೀದಿ ಅಂತ ಹೇಳ್ತೇನಿ." ದೀಪಾವಳಿ ರಜೆಯಲ್ಲಿ ಆಳಂದದ ಬಜಾರದಲ್ಲಿ ಹಸಿರು ಸೀರೆ, ಕುಪ್ಪಸಕ್ಕೆ ಕೆಂಪು ಖಣ ನಾನೇ ಆರಿಸಿ ತಂದಿಟ್ಟಿದ್ದೆ. ಅದನ್ನು ಅವನ ಕೈಗೆ ಕೊಡಲು ಮನಸ್ಸು ಬರಲಿಲ್ಲ. "ಹೆಣ್ಣು ಕೊಟ್ಟೇನಿ, ಹಕ್ಕು ಕೊಟ್ಟಿಲ್ಲ" ಅಂದುಬಿಟ್ಟೆ. ಅವನ ಮುಖ ಸಪ್ಪಗಾಯಿತು. ನಾವು ಹಟ ಹಿಡಿದು ಕೂತಿರುವಾಗ ಹವಾ ಕೆಟ್ಟು ಹೆಲಿಕಾಪ್ಟರ್ ನಿಂತಿತು, ಇಬ್ಬರಿಗೂ ರಜೆ ಇಲ್ಲದಾಯಿತು. ಅದಕ್ಕೂ ಒಬ್ಬರನ್ನೊಬ್ಬರು ಬೈದುಕೊಂಡೆವು.

ಅದಾದ ಮೇಲೆ ಮಾತಿಲ್ಲ. ಗುಡಾರದಲ್ಲಿ ನಾಲ್ವರು, ಉಳಿದಿಬ್ಬರಿಗೆ ಕನ್ನಡ ಬಾರದು. ನಮ್ಮೂರಲ್ಲಾದರೆ ಮುನಿಸಿಕೊಂಡ ಬೀಗರ ನಡುವೆ ಯಾರಾದರೂ ಮಾತು ದಾಟಿಸುತ್ತಾರೆ. ಇಲ್ಲಿ ಯಾರಿದ್ದಾರೆ? ಅದಕ್ಕೆ ಸ್ಟೋವಿಗೆ ಹೇಳುತ್ತಿದ್ದೆವು. "ಏ ಸ್ಟೋವೇ, ಚಹಾ ಆಗ್ಯಾದ, ಕುಡೀಬೇಕಂತ ಹೇಳು" ಅಂತ ಅವನು. "ಸಕ್ಕರಿ ಕಡಿಮಿ ಅದ ಅಂತ ಹೇಳು" ಅಂತ ನಾನು. ಆ ಇಬ್ಬರು ಅರ್ಥವಾಗದಿದ್ದರೂ ಬಿದ್ದು ಬಿದ್ದು ನಗುತ್ತಿದ್ದರು. ನನಗೂ ಒಳಗೊಳಗೇ ನಗು ಬರುತ್ತಿತ್ತು, ತೋರಿಸುತ್ತಿರಲಿಲ್ಲ. ನಾಲ್ಕು ದಿನಕ್ಕೇ ಮುಗಿಯಬೇಕಾದ ಮುನಿಸು. ಮೊದಲು ಯಾರು ಮಾತಾಡಬೇಕು ಅನ್ನುವುದಕ್ಕೆ ನಿಂತಿತ್ತು.

ಇಷ್ಟು ಬರೆದು ಪೆನ್ನು ಕೆಳಗಿಟ್ಟಿದ್ದೆ. ಊಟಕ್ಕೆ ಕರೆದರು, ಹೋಗಿ ಬಂದೆ. ಮುಂದಿನದು ಬರೆಯುವುದು ಕಷ್ಟ.

ಅವತ್ತು ಮುಂಜಾನೆ ತೋಳು ಕೂಡಿಸಿ ಬೋಲ್ಟು ಬಿಗಿದೆ. ಮಧ್ಯಾಹ್ನಕ್ಕೆ ಗುರಣ್ಣ ಠಾಣೆಗೆ ಹೊರಡಬೇಕು. ಹಿಂದೆ ಕೂತು ಎರಡು ಸುತ್ತು ಹೊಡೆಸಬೇಕಾದವನು ನಾನು, ಮಾತಾಡದೆ ಹೇಗೆ ಕೂರಲಿ? ಚಿಂದಿ ಕಟ್ಟಿದರೆ ಅವನೇ ಕೇಳುತ್ತಾನೆ, ಕೇಳಿದರೆ ಹೇಳುತ್ತೇನೆ, ಮೊದಲು ಮಾತಾಡಿದವನು ಅವನಾಗುತ್ತಾನೆ ಅಂತ ನನ್ನ ಲೆಕ್ಕ. ಆ ಹಿಮದಲ್ಲಿ ಕೆಂಪು ಬಟ್ಟೆ ಎಲ್ಲಿಂದ ತರಲಿ? ಟ್ರಂಕು ತೆರೆದು, ನಿನ್ನ ಕುಬಸದ ಖಣದ ಅಂಚನ್ನು ಹರಿದು ಹಿಡಿಕೆಗೆ ಕಟ್ಟಿದೆ. ನಿನಗೆ ಸಿಕ್ಕ ಚೂರು ಅದೇ. ಉಳಿದ ಖಣ, ಸೀರೆ ಇನ್ನೂ ನನ್ನ ಟ್ರಂಕಿನಲ್ಲಿವೆ.

ಅವನು ಚಿಂದಿ ಬಿಚ್ಚಿ ಜೇಬಿಗೆ ಹಾಕಿಕೊಂಡು ಹೊರಟ. ನಾನು ಹೇಳಲಿಲ್ಲ. ಹೋಗುವಾಗ ಓರೆಯನ್ನು ಚೆನ್ನಾಗಿಯೇ ದಾಟಿದನಂತೆ, ಗಾಡಿ ಇವತ್ತು ಕುದುರೆಯ ಹಾಗೆ ಮಾತು ಕೇಳಿತು ಅಂತ ಠಾಣೆಯವರಿಗೆ ಹೇಳಿದನಂತೆ. ಮರಳಿ ಬರುವಾಗ ಕ್ಯಾಂಪಿನ ಹತ್ತಿರದ ಬಾವುಟಗಳ ತಿರುವಿನಲ್ಲಿ ಯಾವಾಗಿನಂತೆ ತಿರುಗಿಸಿದ. ಎರಡು ಚಳಿಗಾಲ ಅವನು ಅಲ್ಲಿ ಹಾಗೇ ತಿರುಗಿಸಿದ್ದ, ಹಳೆಯ ಗಾಡಿಗೆ ಅದೇ ಸರಿ ಇತ್ತು. ಅವತ್ತು ಮಗುಚಿತು. ತಿರುವಿನ ಎಡಕ್ಕೆ ಹಿಮದ ಆಳ ಬಿರುಕು, ಅದರೊಳಗೆ ಬಿದ್ದ. ನಾನು ಗುಡಾರದ ಬಾಗಿಲಲ್ಲೇ ನಿಂತಿದ್ದೆ. ನೋಡಿದೆ.

ಅತ್ತೆಗೆ ಹೇಳು, ಅವಳ ಮಗ ಹುಂಬನಲ್ಲ. ಅವನ ಕೈಗೆ ಹಳೆಯ ಗಾಡಿ ನೆನಪಿತ್ತು, ಅಷ್ಟೇ. ಬದಲಾದದ್ದನ್ನು ಹೇಳಬೇಕಾದ ಬಾಯಿ ನನ್ನದು.

ವಿಚಾರಣೆಯಲ್ಲಿ ಚಾಲಕನಿಗೆ ತಿಳಿಸಿದ್ದೆಯಾ ಅಂತ ಕೇಳಿದರು. ತಿಳಿಸಿದ್ದೆ ಅಂತ ಬರೆದು ಸಹಿ ಹಾಕಿದೆ. ಕನ್ನಡ ಬಾರದ ಆ ಇಬ್ಬರೂ "ಹೊರಡುವಾಗ ಗಾಡಿಯ ಹತ್ತಿರ ಮಾತು ನಡೆದದ್ದು ಕಂಡೆವು" ಅಂದರು. ಅವರು ಸುಳ್ಳು ಹೇಳಿದವರಲ್ಲ, ದೂರದಿಂದ ಹಾಗೇ ಕಂಡಿತ್ತು. ಅಲ್ಲಿಗೆ ತಪ್ಪು ಸತ್ತವನ ಮೇಲೆ ಹೋಯಿತು. ಹೋದ ವಾರ ನಿಜ ಬರೆದು ಸಾಹೇಬರ ಮೇಜಿನ ಮೇಲಿಟ್ಟೆ. ಎರಡು ಸಲ ಓದಿದರು, ಮಡಚಿ ನನ್ನ ಕೈಗೇ ಕೊಟ್ಟರು. ಫೈಲು ಮುಗಿದಿದೆ, ಅವನು ತಿರುಗಿ ಬರುವುದಿಲ್ಲ, ನಿನ್ನ ನೌಕರಿ ಯಾಕೆ ಹಾಳು ಮಾಡಿಕೊಳ್ಳುತ್ತೀ ಅಂದರು. ನನಗೆ ಶಿಕ್ಷೆಯನ್ನೂ ಯಾರೂ ಕೊಡುತ್ತಿಲ್ಲ, ಭಾಗೂ. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಅತನೂರಿನಲ್ಲಿ ಯಾರಿಗೆ ತೋರಿಸಬೇಕೋ ತೋರಿಸು. ಅತ್ತೆಗೆ ನೀನೇ ಓದಿ ಹೇಳು. ಅವಳು ಕೊಡುವ ಶಾಪ ಕಡಿಮೆ ಮಾಡದೆ ನನಗೆ ಬರೆ.

ಕೂಸಿಗೆ ನಮ್ಮ ಅವ್ವನ ಹೆಸರಿಟ್ಟು ಮರೆಮ್ಮ ಅಂತ ಕರೆದೆಯಂತೆ. ದೌಲತರಾಯ ಹೇಳಿದಾಗ ಎದ್ದು ಹೊರಗೆ ಹೋದೆ. ಸೋದರಮಾವ ಕೂಸಿಗೆ ಮೊದಲ ಅಂಗಿ ತರಬೇಕು, ತಂದಿಲ್ಲ. ತರಲೋ ಬೇಡವೋ ನೀನೇ ಹೇಳು. ಬಾ ಅಂದರೆ ಬರುತ್ತೇನೆ. ಬರಬೇಡ ಅಂದರೂ ನಿನ್ನ ಮಾತು ಸರಿಯೇ.

ಕೂಸು ನೂರು ವರ್ಷ ಬಾಳಲಿ. ನಿನ್ನ ಕಣ್ಣು ಒಣಗುವ ದಿನ ಬರಲಿ. ಅತ್ತೆಯ ಪಾದಕ್ಕೆ ನನ್ನ ಶರಣು ಹೇಳು, ಅವಳು ಕಾಲು ಎಳೆದುಕೊಳ್ಳದಿದ್ದರೆ.

ನಿನ್ನ ಅಣ್ಣ,
ಮಲ್ಕಪ್ಪ

ತಾ.ಕ.: ಲಕೋಟೆಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದೆ. ನಿನ್ನ ಎರಡನೆಯ ಮಾತಿಗೆ ಉತ್ತರ ಬರೆಯದೆ ತಪ್ಪಿಸಿಕೊಳ್ಳುತ್ತಿದ್ದೆ.

ಗುರಣ್ಣ ಚಿಂದಿ ನೋಡಿದ. ಬೆರಳಲ್ಲಿ ಹಿಡಿದು ನೋಡಿದ, ಗುರುತು ಹಿಡಿದ. ಸ್ಟೋವಿಗೆ ಹೇಳಲಿಲ್ಲ, ನನ್ನ ಮುಖ ನೋಡಿ ನನಗೇ ಕೇಳಿದ. "ಮಾವಾ, ಇದು ಭಾಗೂನ ಕುಬಸದ ಖಣ ಅಲ್ಲೇನೋ? ಇಲ್ಲಿ ಯಾಕ ಕಟ್ಟೀದಿ?"

ನನ್ನ ಲೆಕ್ಕದಂತೆ ಅವನೇ ಮೊದಲು ಮಾತಾಡಿದ್ದ. ನಾನು ಗೆದ್ದಿದ್ದೆ. ಆದರೂ ಇನ್ನೊಂದು ಸಲ ಕೇಳಲಿ ಅಂತ ಬೆನ್ನು ತಿರುಗಿಸಿ ಬೋಲ್ಟು ಬಿಗಿದ ಪಾನಾ ಒರೆಸುತ್ತ ನಿಂತೆ. ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಚಿಂದಿ ಬಿಚ್ಚಿದ, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡ.

"ಆತು ಬಿಡು ಮಾವಾ, ತಿರುಗಿ ಬಂದ ಮ್ಯಾಲ ಹೇಳೀಯಂತ," ಅಂದ. ನಗುತ್ತಲೇ ಅಂದ.

ಅವನು ಕೊನೆಗೆ ಅಂದದ್ದು ಇಷ್ಟು.