ಲತಿಕಳ ಲ್ಯಾಪ್‌ಟಾಪಿನ ಮೌನವ್ರತ

ಅಕ್ಟೋಬರ್ 1, ಬುಧವಾರ

ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ: ನಾನು ಅಪರಾಧಿ. ಪುಸ್ತಕ, ಪೆನ್ನು, ಕುಡುಗೋಲು, ಹೆಂಡತಿ ಲತಿಕಳ ಲ್ಯಾಪ್‌ಟಾಪ್ ಎಲ್ಲ ಸೋಮವಾರ ಸಂಜೆಯಿಂದ ಸರಸ್ವತಿಯ ಮುಂದೆ ಪೂಜೆಗೆ ಕೂತಿವೆ. ನಾಳೆ ಬೆಳಿಗ್ಗೆ ತೆಗೆಯುವವರೆಗೆ ಈ ಮನೆಯಲ್ಲಿ ಯಾರೂ ಓದುವಂತಿಲ್ಲ, ಬರೆಯುವಂತಿಲ್ಲ. ಲತಿಕಳ ಅಮ್ಮನ, ಅಂದರೆ ನನ್ನ ಅತ್ತೆಯ, ಕಾಯಿದೆ. ಮೆಣಸಿನ ಚೀಲಗಳ ಮರೆಯಲ್ಲಿ ಕೂತು ಬರೆಯುತ್ತಿದ್ದೇನೆ. ಪೆನ್ಸಿಲ್ಲಿನಲ್ಲಿ. ಪೆನ್ಸಿಲ್ಲಿಗೆ ಶಿಕ್ಷೆ ಕಡಿಮೆ ಇರಬಹುದು...

ಲತಿಕಳಿಗೆ ಚಡಪಡಿಕೆ. ಬರುವ ಸೋಮವಾರ ಮೈಸೂರಿನ ಒಂದು ಆನ್‌ಲೈನ್ ಶಾಲೆಗೆ ಡೆಮೊ ಕ್ಲಾಸು ಕೊಡಬೇಕು. ವರ್ಷಗಟ್ಟಲೆ ಮಲಯಾಳದಲ್ಲಿ ಲೆಕ್ಕ ಹೇಳಿಕೊಟ್ಟವಳು, ಮೊದಲ ಸಲ ಮನೆಮಾತು ಕನ್ನಡದಲ್ಲಿ ಪಾಠ. ಸ್ಲೈಡುಗಳೆಲ್ಲ ಲ್ಯಾಪ್‌ಟಾಪಿನ ವಶ. ಲ್ಯಾಪ್‌ಟಾಪು ದೇವರ ವಶ.

ಅಕ್ಟೋಬರ್ 2

ಪೂಜೆ ತೆಗೆದಾಯಿತು. ಅಕ್ಕಿಯ ಮೇಲೆ ಎಲ್ಲರೂ ಅಕ್ಷರ ಬರೆದೆವು. ಲ್ಯಾಪ್‌ಟಾಪ್ ತೆರೆದರೆ — ವೈಫೈ ಇಲ್ಲ. ಮೊಬೈಲಿಗೆ ಸಿಗುತ್ತದೆ, ಅತ್ತೆಯ ಟೀವಿಗೆ ಸಿಗುತ್ತದೆ. ಇದಕ್ಕೊಂದಕ್ಕೆ ಮೌನವ್ರತ.

"ವೈಫು-ವೈಫೈ ಅಂತ ಜೋಕ್ ಹೊಡೆದ್ರೆ ಊಟ ಇಲ್ಲ," ಎಂದಳು ಲತಿಕ, ಮುಂಗಡವಾಗಿ.

ನಾಲಿಗೆ ತುದಿಯಲ್ಲಿದ್ದುದನ್ನು ನುಂಗಿದೆ. ಅದೇ ಊಟ.

"ಕೇಬಲ್ ಬಿಜೂನ ಕರೀಲಾ?"

"ಯಾಕೆ? ನನ್ನ ಬಿ.ಎಸ್ಸಿ. ಫಿಸಿಕ್ಸ್ ಮನೇಲೇ ಇದೆಯಲ್ಲ."

"ಇದೆ. ಧೂಳು ಹೊಡೀಬೇಕು."

ಅಕ್ಟೋಬರ್ 3, ಮಧ್ಯಾಹ್ನ

ರೂಟರ್ ಆರಿಸಿದೆ, ಹಚ್ಚಿದೆ. ಲ್ಯಾಪ್‌ಟಾಪಿಗೂ ಅದೇ ಉಪಚಾರ. ಟ್ರಬಲ್‌ಶೂಟ್ ಒತ್ತಿದೆ. ಟ್ರಬಲ್ ಹಾಗೇ ಇದೆ. ಶೂಟ್ ಮಾಡುವ ಆಸೆ ನನಗೆ. ಕೇಬಲ್ ಚುಚ್ಚೋಣವೆಂದರೆ ಆ ತೂತಿನಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆ. ಫೋನಿನ ಹಾಟ್‌ಸ್ಪಾಟ್? ಗಡಿಯಂಚಿನ ಮುಳ್ಳನ್‌ಕೊಲ್ಲಿಯ ಈ ಮೂಲೆಯಲ್ಲಿ ಸಿಗ್ನಲ್ಲು ಕಬಿನಿ ದಾಟಿ ಹೋಗಿ ಬಂದು ಮಾಡುತ್ತದೆ. ಒಂದು ವಾಕ್ಯ ಮುಗಿಯುವಷ್ಟರಲ್ಲಿ ರಾಜ್ಯ ಬದಲು.

ಗುಟ್ಟಾಗಿ ಬಿಜುವಿಗೆ ಫೋನ್ ಮಾಡಿದೆ.

"ಚೇಟ್ಟಾ, ನೆಟ್ ಎಲ್ಲ ಶರಿ ಇದೆ. ಲ್ಯಾಪ್‌ಟಾಪಿಂದೇ ಪ್ರಶ್ನಂ."

ಮಲಯಾಳದಲ್ಲಿ ಪ್ರಶ್ನೆ ಎಂದರೆ ತೊಂದರೆ. ಪರೀಕ್ಷೆ ಬರೆಯುವ ಕಾಲದಿಂದಲೂ ನನಗೆ ಎರಡೂ ಒಂದೇ.

ಅಡುಗೆಮನೆಯಲ್ಲಿ ಲತಿಕಳ ತಾಲೀಮು. ಅತ್ತೆ ವಿದ್ಯಾರ್ಥಿನಿ. ಬೇಕೆಂದೇ ತಪ್ಪು ಹೇಳುತ್ತಾರೆ — ಮಗಳು ತಿದ್ದುವುದನ್ನು ಕೇಳಲು.

ಅಕ್ಟೋಬರ್ 5, ಭಾನುವಾರ

"ಬಿಡಿ," ಎಂದಳು ಬೆಳಿಗ್ಗೆ. "ನಾಳೆ ಆಗಲ್ಲ ಅಂತ ಮೆಸೇಜ್ ಹಾಕ್ತೀನಿ. ಇನ್ನೊಬ್ಬರು ಯಾರೋ ಕಾಯ್ತಿರ್ತಾರೆ."

ದನಿಯಲ್ಲಿ ತಮಾಷೆಯ ಸುಳಿವೇ ಇಲ್ಲ. ಅವಳು ನನ್ನನ್ನು ಬೈಯದಿದ್ದರೆ ನನಗೆ ಭಯವಾಗುತ್ತದೆ.

"ಸಂಜೆವರೆಗೆ ಹಾಕಬೇಡ. ನನ್ನಾಣೆ."

"ನಿಮ್ಮಾಣೆ ಹಾಕಿದ್ದೆಲ್ಲ ಯಾವತ್ತು ನಡೆದಿದೆ?"

ಆಹಾ, ಬೈದಳು. ಜೀವ ಬಂತು.

ಸಂಜೆ

ಬಂತು!! ವೈಫೈ ಬಂತು!

"ಏನ್ ಮಾಡಿದ್ರಿ?"

"ಡ್ರೈವರ್ ರೋಲ್‌ಬ್ಯಾಕ್. ಹೇಳಿದ್ರೆ ಅರ್ಥ ಆಗಲ್ಲ."

"ಎಂಡೆ ಮೋನೇ, ನೀನು ಮಿಡುಕ್ಕನ್!" ಅತ್ತೆ ಗಲ್ಲ ಹಿಡಿದು ಅಲ್ಲಾಡಿಸಿದರು. ಈ ಬಾಯಿಂದ ನನಗೆ ಜಾಣನೆಂಬ ಬಿರುದು ಮದುವೆಯಾದ ಮೇಲೆ ಇದೇ ಮೊದಲು. ಪಾಯಸ ಎರಡನೆಯ ಲೋಟಕ್ಕೂ ಬಂತು.

ವಿವರ ಇಲ್ಲಿಯೂ ಬರೆಯುವುದಿಲ್ಲ. ತಂತ್ರಜ್ಞರಿಗೂ ಗುಟ್ಟುಗಳಿರುತ್ತವೆ.

ಅಕ್ಟೋಬರ್ 6

ಡೆಮೊ. ಅಂಗಳದಲ್ಲಿ ಹುಂಜವನ್ನು ಕಂಕುಳಲ್ಲಿ ಅಮುಕಿಕೊಂಡು ಕೂತಿದ್ದೆ, ಕೂಗದಂತೆ. ಕಿಟಕಿಯಿಂದ ಅವಳ ಕನ್ನಡ ಕೇಳುತ್ತಿತ್ತು. ನನ್ನೊಡನೆ ಜಗಳಕ್ಕೆ ಬಳಸುವ ಅದೇ ಕನ್ನಡ — ಮಕ್ಕಳ ಮುಂದೆ ಎಷ್ಟು ಮೆತ್ತಗೆ! ಹುಂಜವೂ ಸುಮ್ಮನೆ ಕೇಳಿತು.

ಸಂಜೆ ಫೋನ್ ಬಂತು. ಕೆಲಸಕ್ಕೆ ತಗೊಂಡರು. ಹೇಳಲು ಓಡಿಬಂದವಳು ಹುಂಜವನ್ನೇ ಎತ್ತಿ ಮುದ್ದಾಡಿದಳು. ಗೊತ್ತಾಯಿತು.

ಅಕ್ಟೋಬರ್ 11

ಕೀರ್ತಿ ಹಬ್ಬಿದೆ. ಅತ್ತೆಯ ಪ್ರಸಾರ. ಪಕ್ಕದ ತೋಟದ ಕರುಣಾಕರನ್ ಹಳೆಯ ಲ್ಯಾಪ್‌ಟಾಪ್ ಹೊತ್ತು ತಂದ. "ಸಾರೇ, ಇದಕ್ಕೂ ಆ ಡ್ರೈವರನ್ನ ಒಂಚೂರು ಹಿಂದೆ ತಳ್ಳಿ." ಗಂಭೀರವಾಗಿ ತಿರುಗಿಸಿ ನೋಡಿ, ನಾಳೆ ಎಂದು ಕಳಿಸಿದೆ. ಲತಿಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಊಟಕ್ಕೆ ಕೂತಾಗ ಲತಿಕ —

"ಮುಂದಿನ ವರ್ಷ ಲ್ಯಾಪ್‌ಟಾಪಿಗೆ ಗಂಧ ನಾನಿಡ್ತೀನಿ. ನೀವು ಕುಡುಗೋಲಿಗೆ ಇಡಿ."

ಎತ್ತಿದ ತುತ್ತನ್ನು ತಟ್ಟೆಗಿಟ್ಟೆ. "ಯಾವಾಗ ಗೊತ್ತಾಯ್ತು?"

"ಭಾನುವಾರವೇ. ನೀವು ಸೇಫ್ಟಿ ಪಿನ್ನಲ್ಲಿ ಕೆರೀತಿದ್ದದ್ದು ಅಡುಗೆಮನೆಯಿಂದ ಕಾಣ್ತಿತ್ತು."

"ಮತ್ತೆ ಆಗಲೇ ಹೇಳೋದಲ್ವಾ?"

"ಅಮ್ಮ ನಿಮ್ಮನ್ನ ಮಿಡುಕ್ಕನ್ ಅಂದ್ರಲ್ಲ. ಕೆಡಿಸೋಕೆ ಮನಸ್ಸಾಗ್ಲಿಲ್ಲ."

ಸರಿ, ಬರೆದೇಬಿಡುತ್ತೇನೆ. ಡ್ರೈವರೂ ಇಲ್ಲ, ರೋಲ್‌ಬ್ಯಾಕೂ ಇಲ್ಲ. ಲ್ಯಾಪ್‌ಟಾಪಿನ ಅಂಚಿನಲ್ಲಿ ವೈಫೈಗೆಂದೇ ಒಂದು ಪುಟ್ಟ ಜಾರು ಸ್ವಿಚ್ಚಿದೆ. ಅದು ಆಫ್ ಕಡೆಗೆ ಜಾರಿತ್ತು, ಮೇಲೆ ಗಂಧ ಒಣಗಿ ಗಟ್ಟಿಯಾಗಿತ್ತು. ಪೂಜೆಗೆ ಇಡುವ ಸಂಜೆ, ಇವಳಿಗೆ ಈ ಕೆಲಸ ಸಿಗಲಿ ಎಂದು, ಎಲ್ಲಕ್ಕಿಂತ ದೊಡ್ಡ ಬೊಟ್ಟು ಇದಕ್ಕೇ ಇರಲಿ ಎಂದು, ನಾನೇ, ಕಣ್ಣು ಮುಚ್ಚಿ, ಭಕ್ತಿಯಿಂದ, ಹೆಬ್ಬೆರಳಲ್ಲಿ ಒತ್ತಿ ಉದ್ದಕ್ಕೆ ಎಳೆದವನು.