ಎರಡೂ ಕಡೆ ಬಿಚ್ಚಿದ ದಿನ

ಅಪ್ಪಾ,

ನೀವು ಇನ್ನೊಬ್ಬಳ ಮನೆಗೆ ಹೋಗುವಾಗ ನಮಗೆಂದು ಬಿಟ್ಟುಹೋದ ಕಾರಿನ ಹಿಂದಿನ ಬ್ರೇಕ್ ಶೂಗಳನ್ನು ಇವತ್ತು ನಾನೇ ಬದಲಾಯಿಸಿದೆ. ಲೈನಿಂಗ್ ಪೂರ್ತಿ ಸವೆದು, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಕಿರುಚುತ್ತಿತ್ತು. ಆ ಸದ್ದು ಕೇಳಿದಾಗೆಲ್ಲ ನಿಮ್ಮ ಮೇಲೆ ಸಿಟ್ಟು ಬರುತ್ತಿತ್ತು. ಅದೇ ಸಿಟ್ಟಿನಲ್ಲಿ ಎರಡೂ ಕಡೆಯ ಚಕ್ರಗಳ ಡ್ರಮ್ಮು, ಒಳಗಿನ ಶೂಗಳನ್ನು ಒಟ್ಟಿಗೇ ಬಿಚ್ಚಿ ಹಾಕಿದೆ. ಸ್ಪ್ರಿಂಗುಗಳೆಲ್ಲ ನೆಲಕ್ಕೆ ಬಿದ್ದ ಮೇಲೆ ನಿಮ್ಮ ಮಾತು ನೆನಪಾಯಿತು.

"ಎರಡೂ ಒಟ್ಟಿಗೆ ಬಿಚ್ಚಬಾರದು ಪುಟ್ಟಿ. ಒಂದು ಬಿಚ್ಚಿದಾಗ ಇನ್ನೊಂದು ಹಾಗೇ ಇರ್ಬೇಕು, ನೋಡ್ಕೊಂಡು ಜೋಡಿಸೋಕೆ."

ಅಮ್ಮ ಬಾಗಿಲಲ್ಲಿ ನಿಂತು ನೋಡಿದಳು. "ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನೋದು ಇದಕ್ಕೇ. ಬೇಕಿದ್ರೆ ಅವರನ್ನೇ ಕೇಳು" ಅಂದಳು.

ನಿಮ್ಮ ನಂಬರ್ ಒತ್ತಿದೆ. ರಿಂಗ್ ಆಗುವ ಮೊದಲೇ ಕಟ್ ಮಾಡಿದೆ.

ಸಂಜೆಯವರೆಗೆ ಹಾಕಿ ತೆಗೆದು, ತೆಗೆದು ಹಾಕಿ, ಅಂತೂ ಕೂರಿಸಿದೆ. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಒತ್ತಿದೆ. ಗಾಡಿ ಸದ್ದಿಲ್ಲದೆ ನಿಂತಿತು.

ನಿಮ್ಮ ಪಾಠವನ್ನು ನೀವಂತೂ ಮರೆತಿರಲಿಲ್ಲ ಬಿಡಿ. ಈ ಮನೆಯನ್ನು ಬಿಚ್ಚುವ ಮೊದಲೇ ಆ ಮನೆಯನ್ನು ಜೋಡಿಸಿಟ್ಟಿದ್ದಿರಿ. ನೋಡಿಕೊಂಡು ಜೋಡಿಸಲು ನಮಗೇ ಯಾವುದೂ ಇರಲಿಲ್ಲ.