ಹಿಂದಿನ ಸಾಲಿನ ನಗರಸೇವಿಕಾ

ಮಾರ್ಚ್ ೯, ೨೦೨೬

ಇವತ್ತೂ ಪಾಲಿಕೆ ಸಭಾದಾಗ ಹಿಂದಿನ ಸಾಲು. ಎಲ್ಲಾರೂ ಕೈ ಎತ್ತಿದ್ರು, ನಾನೂ ಎತ್ತಿದೆ. ಯಾತಕ್ಕ? ಬಾಜೂದಾಕಿಗೆ ಕೇಳಿದೆ, ಆಕಿಗೂ ಗೊತ್ತಿಲ್ಲ. ಬಿಬವೇವಾಡಿ ವಾರ್ಡಿನ ಜನ ನನ್ನ ಎರಡನೇ ಸಲ ಆರಿಸಿ ಕಳಿಸ್ಯಾರ... ಇದಕ್ಕೇನು? ಮನಿಗೆ ಬಂದ್ರೂ ಕುಂತಲ್ಲಿ ಕುಂಡ್ರಲಿಕ್ಕಾಗವಲ್ದು.

ಮಾರ್ಚ್ ೧೭

ನಮ್ಮ ಪಾರ್ಟಿ ಲೀಡರ್ ಮನೋಹರರಾವ್ ತಾವಾಗೇ ಕರದ್ರು. ಆವಾಗಲೇ ಸಂಶಯ. ನಮ್ಮ ವಾರ್ಡಿನ ಹೆರಿಗಿ ದವಾಖಾನಿ ಮುಚ್ಚಿ, ಜಾಗಾ ಪಾರ್ಕಿಂಗಿಗೆ ಕೊಡೋ ಠರಾವು ಬರ್ತದಂತ.

“ಶಿವಕಾಂತಾತಾಯಿ, ವಿಪ್ ಅದ. ವಿರುದ್ಧ ಹೋಗಬ್ಯಾಡ್ರಿ. ಮುಂದಿನ ವರ್ಷ ಒಂದು ಕಮಿಟಿ ನಿಮಗ.” ಮರಾಠಿಯೊಳಗ, ಭಾಳ ಪ್ರೀತಿಲೇ.

“ಬಸುರೆಂಗಸರು ಎಲ್ಲಿ ಹೋಗಬೇಕ್ರಿ?”

“ಹಡಪಸರದ ದವಾಖಾನಿಗೆ. ಎಷ್ಟ ದೂರ ಅದ?”

ಬ್ಯಾನಿ ತಿನಕೋತ, ಆ ಟ್ರಾಫಿಕ್‌ನ್ಯಾಗ!

ಮಾರ್ಚ್ ೧೮

ನಮ್ಮವರಿಗೆ ಹೇಳಿದೆ. “ಟಿಕೆಟ್ ಪಾರ್ಟಿ ಕೊಟ್ಟದ್ದು. ಇಲ್ಲಾಂದ್ರ ನೀ ಈ ಕಾಂತಪ್ಪನ ಹೇಣ್ತಿ, ಅಷ್ಟ” ಅಂದ್ರು. ಸಿಟ್ಟು ಬಂತು. ಖರೇ ಅಂತ ಇನ್ನೂ ಸಿಟ್ಟು.

ಮಾರ್ಚ್ ೨೪

ಸಭಾದಾಗ ದವಾಖಾನಿ ಠರಾವು ಬಂತು. ಎದ್ದು ನಿಂತೆ. ನಿಂತೇ ಬಿಟ್ಟೆ. ಒಬ್ಬಾಂವ ನನ್ನ ಮರಾಠಿ ಅಣಕಿಸಿದ. ಎಲ್ಲಾರೂ ನಕ್ರು.

“ಮಾತು ತಪ್ಪಿರಬಹುದ್ರಿ. ಹಡಿಯೋರ ಬ್ಯಾನಿಗೆ ಯಾ ಭಾಷಾ?” ಅಂದೆ. ನಕ್ಕೋರೇ ಮಾರಿ ಕೆಳಗ ಹಾಕಿದ್ರು.

ಆದರ ನಮ್ಮ ಪಾರ್ಟಿಯಿಂದ ವಿರೋಧ ನಾ ಒಬ್ಬಾಕಿನ. ಠರಾವು ಪಾಸ್.

ಮೇ ೧೧

ಬರಿಯೋ ಮನಸೇ ಆಗಿಲ್ಲ. ಪಾರ್ಟಿಯಿಂದ ಸಸ್ಪೆಂಡ್. ವಾಟ್ಸಾಪ್ ಗ್ರೂಪಿನಿಂದನೂ ತಗದ್ರು. ದವಾಖಾನಿಗೆ ಬೀಗ.

ಮಾರ್ಕೆಟ್‌ನ್ಯಾಗ ಸೊಪ್ಪು ಮಾರೋ ಕಲ್ಲವ್ವನ ಸೊಸಿ ನಿನ್ನೆ ಹಡಪಸರದ ದಾರ್ಯಾಗ, ರಿಕ್ಷಾದಾಗೇ ಹಡದಳು. ಕೂಸು ಉಳದದ, ಪುಣ್ಯ. ನೋಡಾಕ ಹೋದೆ.

“ನೀವೊಬ್ರು ಎದ್ದು ನಿಂತು ಏನಾತ್ರಿ ಅಕ್ಕಾರ?” ಅಂದಳು ಕಲ್ಲವ್ವ.

ಮನಿಗೆ ಬಂದೆ. ಒಳಗ-ಹೊರಗ ಅಡ್ಡಾಡಿದ್ದೇ ಅಡ್ಡಾಡಿದ್ದು.

ಜೂನ್ ೨

ಮನೋಹರರಾವ್ ನಮ್ಮ ಮನಿಗೆ! ಪಾರ್ಟಿ ಒಡದದ. ನಾಡದು ಸಭಾದಾಗ ಅವರು ತರೋ ಹೊಸಾ ರಸ್ತಾದ ಠರಾವಿಗೆ ಒಂದು ಮತ ಕಡಿಮಿ. ಆ ಒಂದು — ನಂದು.

“ಮೊದಲ ದವಾಖಾನಿ ತೆರೀರಿ.”

“ಮತ ಹಾಕ್ರಿ ತಾಯಿ, ಆಮ್ಯಾಲ ನೋಡೂಣು.”

“ಹಂಗಿಲ್ರಿ. ಬಾಗಿಲಾ ಮೊದಲ.”

ಮಾರಿ ಕೆಂಪಗ ಮಾಡ್ಕೊಂಡು ಹೋದ್ರು. ನಮ್ಮವರು ಒಳಗಿಂದ ಬಂದು, “ಗಟ್ಟಿ ಹಿಡಿ. ಬಿಡಬ್ಯಾಡ” ಅಂದ್ರು. ನಾ ಅವರ ಮಾರೀನೇ ನೋಡ್ಕೋತ ನಿಂತೆ.

ಜೂನ್ ೪, ಮುಂಜಾನೆ

ದವಾಖಾನಿ ಕಟ್ಟಿ ಮ್ಯಾಲ ಕುಂತು ಬರ್ಯಾಕತ್ತೀನಿ. ನಿನ್ನೆ ರಾತ್ರಿ ಮನೋಹರರಾವ್ ಫೋನಿನ್ಯಾಗ ಒಪ್ಪಿದ್ರು, ತೆರದ್ರ ಮತ ಹಾಕ್ತೀನಂತ ನಾನೂ ಮಾತು ಕೊಟ್ಟೆ. ಬೀಗ ತಗದಾರ! ಕಣ್ಣಿಲೇ ನೋಡದ ನಂಬಬಾರದಂತ ಬಂದೆ. ಒಳಗ ಧೂಳ. ನರ್ಸ್ ಒಬ್ಬಾಕಿ ಬಂದಾಳ, ಹಾಸಗಿ ಝಾಡಸಾಕತ್ತಾಳ. ಡಾಕ್ಟರ್ ದಾರ್ಯಾಗ ಅದಾರಂತ.

ಸಭಾದ ಹೊತ್ತಾತು. ಮನೋಹರರಾವ್ ಫೋನ್ ಮ್ಯಾಲ ಫೋನ್ — “ತಾಯಿ, ಎಲ್ಲಿದ್ದೀರಿ?”

ಹೊಂಟೆ. ಮಾತು ಕೊಟ್ಟೀನಿ, ಹೋಗಬೇಕು...

ಗೇಟಿನ ಮುಂದ ರಿಕ್ಷಾ. ಬಸುರೆಂಗಸು, ಒಬ್ಬಾಕಿನ, ಇಳಿಯಾಕ ಬರವಲ್ದು. ನರ್ಸ್ ನನ್ನ ಕರ್ಯಾಕತ್ತಾಳ — “ತಾಯಿ, ಈ ಕಡೆ ನೀವು ಹಿಡೀರಿ!” ಫೋನ್ ಬಡಕೊಳ್ಳಲಿ, ಮೊದಲ ಈಕೀನ್ನ ಹಿಡೀತೀನಿ—